ಒಂದು ಪದದ ಬೆನ್ನು ಹತ್ತಿ ಕರ್ನಲ್‌ವರೆಗೆ: ಸಿಸ್ಟಮ್ಸ್ ಪ್ರೋಗ್ರಾಮಿಂಗ್ ಕಲಿಯುವ ಬಗೆ

ಎಂಜಿನಿಯರಿಂಗ್ ಮೂರನೆಯ ವರ್ಷಕ್ಕೆ ಬರುವ ಹೊತ್ತಿಗೆ ನಮ್ಮ ಕಡೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ವೆಬ್‌ಸೈಟ್ ಕಟ್ಟುವುದು ಸಾಕೆನಿಸಿ, ಯಂತ್ರದ ಒಳಗೆ ನಿಜವಾಗಿ ಏನು ನಡೆಯುತ್ತದೆ ಎಂದು ನೋಡುವ ಹಂಬಲ ಹುಟ್ಟುತ್ತದೆ. ಕಲಬುರಗಿಯಲ್ಲಿ ನನ್ನ ಬಳಿ ಬರುವ ಇಂಥವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಸರ್, ಸ್ವಂತ ಆಪರೇಟಿಂಗ್ ಸಿಸ್ಟಮ್ ಬರೀಬೇಕು, ಎಲ್ಲಿಂದ ಶುರು ಮಾಡ್ಲಿ?’ ಅಲ್ಲಿಂದ ಶುರು ಮಾಡಬೇಡಿ ಎಂಬುದು ನನ್ನ ಉತ್ತರ. ಬೂಟ್‌ಲೋಡರ್ (ಯಂತ್ರ ಆನ್ ಆದಾಗ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮ್) ಬರೆಯಲು ಹೊರಟವರು ಮೂರು ವಾರ ಒದ್ದಾಡಿ ಪರದೆಯ ಮೇಲೆ ಒಂದಕ್ಷರ ಮೂಡಿಸಿ, ನಾಲ್ಕನೆಯ ವಾರ ಕೈಬಿಡುವುದನ್ನು ಹಲವು ಸಲ ಕಂಡಿದ್ದೇನೆ. ಅವರ ಶ್ರಮವೆಲ್ಲ ಹಳೆಯ ಯಂತ್ರಗಳೊಡನೆ ಹೊಂದಿಕೊಳ್ಳಲೆಂದು ಉಳಿಸಿಕೊಂಡ ವಿಚಿತ್ರ ನಿಯಮಗಳನ್ನು ಬಾಯಿಪಾಠ ಮಾಡುವುದರಲ್ಲೇ ಕಳೆದುಹೋಗಿರುತ್ತದೆ. ಫೈಲ್ ಎಂದರೇನು, ಪ್ರೋಸೆಸ್ ಎಂದರೇನು ಎಂಬ ಪ್ರಶ್ನೆಗಳವರೆಗೆ ಅವರು ಬಂದೇ ಇರುವುದಿಲ್ಲ. ಅದಕ್ಕಿಂತ, ಈಗಾಗಲೇ ಓಡುತ್ತಿರುವ ಸಿಸ್ಟಮ್‌ನ ಮೇಲೆ ನಿಂತು, ಒಂದು ಸಣ್ಣ ಕೆಲಸವನ್ನು ಹಿಡಿದು, ಅದು ತಳ ಮುಟ್ಟುವವರೆಗೂ ಬೆನ್ನು ಹತ್ತುವುದು ಒಳ್ಳೆಯದು. ಈ ಬರಹದಲ್ಲಿ ಆ ಸಣ್ಣ ಕೆಲಸವೆಂದರೆ ‘ಕಲಬುರಗಿ’ ಎಂಬ ಪದವನ್ನು ಪರದೆಯ ಮೇಲೆ ಮೂಡಿಸುವುದು.

ಇದಕ್ಕೆ ಹೊಸ ಲ್ಯಾಪ್‌ಟಾಪ್ ಬೇಕಿಲ್ಲ. 4 ಜಿಬಿ ಮೆಮೊರಿ ಇರುವ ಹಳೆಯ ಯಂತ್ರ ಸಾಕು, ಅದರಲ್ಲಿ ಉಬುಂಟು ಅಥವಾ ಡೆಬಿಯನ್‌ನಂಥ ಲಿನಕ್ಸ್ ಇರಲಿ. ಮನೆಮಂದಿಯೆಲ್ಲ ಬಳಸುವ ಯಂತ್ರವಾಗಿದ್ದು ವಿಂಡೋಸ್ ತೆಗೆಯುವಂತಿಲ್ಲವಾದರೆ, ಅದರೊಳಗೇ ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡು, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಮಾಡ್ಯೂಲ್ ಬರೆಯುವ ಹಂತದವರೆಗಿನ ಅಭ್ಯಾಸವನ್ನೆಲ್ಲ ಮಾಡಬಹುದು. ಜಿಸಿಸಿ ಕಂಪೈಲರ್, ಜಿಡಿಬಿ ಡಿಬಗ್ಗರ್, ಎಸ್‌ಟ್ರೇಸ್ (ಇದರ ವಿವರ ಮುಂದಿದೆ) ಮತ್ತು ಕೈಪಿಡಿಯಾದ ಮ್ಯಾನ್ ಪುಟಗಳನ್ನು ಒಮ್ಮೆ ಇಳಿಸಿಕೊಂಡರೆ ಮುಂದೆ ಇಂಟರ್ನೆಟ್‌ನ ಹಂಗಿಲ್ಲ. ರಜೆಗೆ ಚಿಂಚೋಳಿಯ ಕಡೆಗೋ ಸುರಪುರದ ಕಡೆಗೋ ಊರಿಗೆ ಹೋದಾಗ ನೆಟ್‌ವರ್ಕ್ ಸಿಗದಿದ್ದರೂ ಕಲಿಕೆ ನಿಲ್ಲುವುದಿಲ್ಲ. ಮ್ಯಾನ್ ಪುಟಗಳ 2ನೆಯ ವಿಭಾಗದಲ್ಲಿ ಸಿಸ್ಟಮ್ ಕಾಲ್‌ಗಳೂ (ಪ್ರೋಗ್ರಾಮ್ ಕರ್ನಲ್‌ನ ಸಹಾಯ ಕೇಳುವ ಕರೆಗಳು) 3ನೆಯ ವಿಭಾಗದಲ್ಲಿ ಲೈಬ್ರರಿ ಫಂಕ್ಷನ್‌ಗಳೂ ಇವೆ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ತಿಳಿಯುವುದೇ ಮೊದಲ ತಿಂಗಳ ಪಾಠವಾದ್ದರಿಂದ, ಯಾವುದೇ ಫಂಕ್ಷನ್ ಎದುರಾದಾಗ ಅದು ಎರಡರದೋ ಮೂರರದೋ ಎಂದು ನೋಡುವ ರೂಢಿಯನ್ನು ಆರಂಭದಿಂದಲೇ ಮಾಡಿಕೊಳ್ಳಿ. ಇಲ್ಲಿ ಕನ್ನಡದಲ್ಲಿ ಬರೆದಿರುವ ಆದೇಶಗಳ ಹೆಸರುಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕೆಂದು ಬೇರೆ ಹೇಳಬೇಕಿಲ್ಲ.

ಭಾಷೆಯ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ, ಸಿ ಕಲಿಯಿರಿ. ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಈ ಭಾಷೆಯಲ್ಲಿ 1973ರಲ್ಲಿ ಯೂನಿಕ್ಸ್ ಕರ್ನಲನ್ನು ಮರುಬರೆದಂದಿನಿಂದ, ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್‌ನವರೆಗೆ, ಕರ್ನಲ್‌ನ ಆಡುಮಾತು ಅದೇ ಆಗಿದೆ. ರಸ್ಟ್ ಭಾಷೆಗೆ 2022ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 6.1ರಿಂದ ಕರ್ನಲ್‌ನೊಳಗೆ ಪ್ರವೇಶ ಸಿಕ್ಕಿದೆ, ಮುಂದೆ ಅದನ್ನೂ ಕಲಿಯಬೇಕು. ಆದರೆ ರಸ್ಟ್ ಏಕೆ ಅಷ್ಟು ಕಟ್ಟುನಿಟ್ಟು ಮಾಡುತ್ತದೆ ಎಂಬುದು ಸಿ ಯಲ್ಲಿ ಒಮ್ಮೆ ಕೈ ಸುಟ್ಟುಕೊಂಡವರಿಗೆ ಬೇಗ ಅರ್ಥವಾಗುತ್ತದೆ ಎಂಬುದು ನನ್ನ ಅನುಭವ.

ಐದು ಅಕ್ಷರ, ಇಪ್ಪತ್ತೊಂದು ಬೈಟ್

ಮೊದಲ ಪ್ರೋಗ್ರಾಮ್‌ನಲ್ಲಿ ‘ಕಲಬುರಗಿ’ ಎಂಬುದನ್ನು ಒಂದು ಸ್ಟ್ರಿಂಗ್ ಆಗಿ ಇಟ್ಟು, ಸ್ಟ್ರ್‌ಲೆನ್ ಫಂಕ್ಷನ್‌ನಿಂದ ಅದರ ಉದ್ದವನ್ನು ಕೇಳಿ. ಕಣ್ಣಿಗೆ ಕಾಣುವುದು ಐದು ಅಕ್ಷರ, ಉತ್ತರ ಬರುವುದು 21. ಕಾರಣ ಸರಳವಾಗಿದೆ. ಯೂನಿಕೋಡ್‌ನಲ್ಲಿ ‘ಬು’ ಎಂಬುದು ‘ಬ’ ಮತ್ತು ಉಕಾರದ ಚಿಹ್ನೆ ಸೇರಿ ಎರಡು ಸಂಕೇತಗಳು, ‘ಗಿ’ಯೂ ಹಾಗೆಯೇ ಎರಡು, ಒಟ್ಟು ಏಳು ಸಂಕೇತಗಳಾದವು. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ಹಿಡಿಯುವುದರಿಂದ ಇಪ್ಪತ್ತೊಂದು. ‘ಕ’ ಒಂದನ್ನೇ ತೆಗೆದುಕೊಂಡು ಅದರ ಬೈಟ್‌ಗಳನ್ನು ಸಂಖ್ಯೆಗಳಾಗಿ ಮುದ್ರಿಸಿದರೆ 224, 178, 149 ಎಂದು ಬರುತ್ತದೆ. ಒಂದು ಪಾಯಿಂಟರನ್ನು ಆ ಸ್ಟ್ರಿಂಗ್‌ನ ಮೇಲೆ ಬೈಟ್ ಬೈಟಾಗಿ ನಡೆಸುತ್ತಾ ಇಪ್ಪತ್ತೊಂದು ಸಂಖ್ಯೆಗಳನ್ನೂ ಮುದ್ರಿಸಿ, ಎಲ್ಲಿ ಒಂದು ಸಂಕೇತ ಮುಗಿದು ಇನ್ನೊಂದು ತೊಡಗುತ್ತದೆಂದು ಕಾಗದದ ಮೇಲೆ ಗೆರೆ ಎಳೆಯಿರಿ. ಪಾಯಿಂಟರ್ ಎಂದರೆ ಏನೆಂಬುದು ಮನೆ, ವಿಳಾಸ ಎಂಬ ಉಪಮೆಗಳಿಗಿಂತ ಈ ಒಂದು ತಾಸಿನ ಅಭ್ಯಾಸದಿಂದ ಚೆನ್ನಾಗಿ ಮನವರಿಕೆಯಾಗುತ್ತದೆ.

ಕನ್ನಡದಲ್ಲೇ ಅಭ್ಯಾಸ ಮಾಡಿ ಎಂದು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಫೈಲ್ ಓದುವವರು ಸಾಮಾನ್ಯವಾಗಿ 4096 ಬೈಟ್‌ಗಳ ಬಫರ್ (ಮೆಮೊರಿಯಲ್ಲಿ ತಾತ್ಕಾಲಿಕ ಜಾಗ) ಇಟ್ಟುಕೊಳ್ಳುತ್ತಾರೆ. ಬರೀ ಇಂಗ್ಲಿಷ್ ಪಠ್ಯ ಓದುತ್ತಿದ್ದರೆ ಎಲ್ಲಿ ಕತ್ತರಿಸಿದರೂ ಅಕ್ಷರ ಒಡೆಯುವುದಿಲ್ಲ. ಆದರೆ 4096 ಮೂರರಿಂದ ಭಾಗವಾಗುವುದಿಲ್ಲ. ಎಡೆಬಿಡದ ಕನ್ನಡ ಪಠ್ಯದಲ್ಲಿ 1365 ಸಂಕೇತಗಳು ಮುಗಿದು, ಮುಂದಿನದರ ಒಂದು ಬೈಟ್ ಈ ಬಫರಿನಲ್ಲೂ ಉಳಿದೆರಡು ಮುಂದಿನ ಓದಿನಲ್ಲೂ ಬರುತ್ತವೆ. ಪ್ರತಿ ಬಫರನ್ನು ಪ್ರತ್ಯೇಕವಾಗಿ ಪಠ್ಯವೆಂದು ತಿಳಿದು ಸಂಸ್ಕರಿಸಿದರೆ ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಕಾಣಿಸಿಕೊಳ್ಳುತ್ತದೆ. ಆಪರೇಟಿಂಗ್ ಸಿಸ್ಟಮ್‌ಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು ಎಂಬ ಮಾತು ಆಗ ಮರೆಯುವುದಿಲ್ಲ.

ಸುರಂಗ ಬಾವಿಯ ಕಿಂಡಿ

ಬೀದರಿನ ನೌಬಾದ್ ಹತ್ತಿರದ ಕರೇಜ್ ನೋಡಿದವರಿಗೆ ಗೊತ್ತು: ಬಹಮನಿ ಕಾಲದ ಆ ಸುರಂಗದಲ್ಲಿ ನೀರು ನೆಲದಡಿ ಹರಿಯುತ್ತದೆ, ಮೇಲಿನಿಂದ ಅಲ್ಲಲ್ಲಿ ಕೊರೆದ ಬಾವಿಯಂಥ ಕಿಂಡಿಗಳಲ್ಲಿ ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ. ಎಸ್‌ಟ್ರೇಸ್ ಅಂಥದೊಂದು ಕಿಂಡಿ. ನಿಮ್ಮ ಪ್ರೋಗ್ರಾಮ್‌ನ ಹೆಸರಿನ ಮುಂದೆ ಎಸ್‌ಟ್ರೇಸ್ ಎಂದು ಸೇರಿಸಿ ಓಡಿಸಿದರೆ, ಅದು ಕರ್ನಲನ್ನು ಕೇಳಿಕೊಂಡ ಪ್ರತಿ ಸಹಾಯವೂ ಒಂದೊಂದು ಸಾಲಾಗಿ ಬೀಳುತ್ತದೆ. ಪದವನ್ನು ಮುದ್ರಿಸುವ ಪ್ರಿಂಟ್‌ಎಫ್‌ನ ಒಂದೇ ಸಾಲು ಬರೆದ ನಿಮಗೆ ಹತ್ತಾರು ಸಾಲುಗಳು ಕಂಡು ಗಾಬರಿಯಾಗಬಹುದು. ಅವುಗಳಲ್ಲಿ ಬಹುಪಾಲು ಸಿ ಲೈಬ್ರರಿಯನ್ನು ಹುಡುಕಿ ಮೆಮೊರಿಗೆ ತಂದುಕೊಳ್ಳುವ ಸಿದ್ಧತೆ. ಮೊದಲ ದಿನ ಅವನ್ನು ಬಿಟ್ಟು ಕೊನೆಯ ಕೆಲವು ಸಾಲುಗಳನ್ನಷ್ಟೇ ಓದಿ. ಅಲ್ಲಿ ರೈಟ್ ಎಂಬ ಕರೆಯಿದೆ, ಅದರ ಮೊದಲ ಆರ್ಗ್ಯುಮೆಂಟ್ 1, ನಡುವೆ 340, 262, 225 ಎಂದು ಶುರುವಾಗುವ ಸಂಖ್ಯೆಗಳ ಸಾಲು, ಕೊನೆಗೆ 22. ಆ 340 ಅಷ್ಟಮಾನ ಪದ್ಧತಿಯದು, ದಶಮಾನದಲ್ಲಿ ಅದೇ ನಮ್ಮ 224. 22 ಎಂದರೆ ಇಪ್ಪತ್ತೊಂದು ಬೈಟ್‌ಗಳ ಜೊತೆ ಹೊಸ ಸಾಲಿನ ಗುರುತು ಒಂದು. ಸಮ ಚಿಹ್ನೆಯ ಆಚೆ ಇರುವ 22 ಕರ್ನಲ್ ಕೊಟ್ಟ ಉತ್ತರ: ಇಷ್ಟು ಬೈಟ್ ತೆಗೆದುಕೊಂಡೆ ಎಂದು. ಕೇಳಿದ್ದಕ್ಕಿಂತ ಕಡಿಮೆ ತೆಗೆದುಕೊಳ್ಳುವ ಹಕ್ಕು ಕರ್ನಲ್‌ಗೆ ಇದೆ. ಉಳಿದದ್ದನ್ನು ಮತ್ತೆ ಕಳಿಸುವ ಹೊಣೆ ನಿಮ್ಮದು. ಈ ಲೂಪ್ ಬರೆಯದ ಪ್ರೋಗ್ರಾಮ್‌ಗಳು ಪರೀಕ್ಷೆಯಲ್ಲಿ ಪಾಸಾಗಿ ಕೆಲಸದಲ್ಲಿ ಕೈಕೊಡುತ್ತವೆ.

ಇದಾದ ಮೇಲೆ ಲೈಬ್ರರಿಯನ್ನು ಪೂರ್ತಿ ಬಿಟ್ಟು, ಅದೇ ಕೆಲಸವನ್ನು, ಪ್ರೊಸೆಸರ್‌ನ ಸೂಚನೆಗಳನ್ನೇ ನೇರವಾಗಿ ಬರೆಯುವ ಅಸೆಂಬ್ಲಿಯಲ್ಲಿ ಮಾಡಿ. 64 ಬಿಟ್ ಇಂಟೆಲ್ ಅಥವಾ ಎಎಂಡಿ ಯಂತ್ರದ ಲಿನಕ್ಸ್‌ನಲ್ಲಿ ರೈಟ್‌ನ ಸಂಖ್ಯೆ 1. ಅದನ್ನು ಪ್ರೊಸೆಸರ್ ಒಳಗಿನ ಆರ್‌ಎಎಕ್ಸ್ ರಿಜಿಸ್ಟರ್‌ನಲ್ಲಿಟ್ಟು, ಆರ್‌ಡಿಐನಲ್ಲಿ ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್‌ನ ಸಂಖ್ಯೆ) 1, ಅಂದರೆ ಔಟ್‌ಪುಟ್, ಆರ್‌ಎಸ್‌ಐನಲ್ಲಿ ಬೈಟ್‌ಗಳಿರುವ ವಿಳಾಸ, ಆರ್‌ಡಿಎಕ್ಸ್‌ನಲ್ಲಿ 22 ಇಟ್ಟು, ಸಿಸ್‌ಕಾಲ್ ಎಂಬ ಸೂಚನೆಯನ್ನು ಕೊಟ್ಟರೆ ಮುಗಿಯಿತು. ಆಮೇಲೆ ಎಕ್ಸಿಟ್‌ನ ಸಂಖ್ಯೆ 60ನ್ನು ಅದೇ ರೀತಿ ಕರೆಯಬೇಕು. ಅದನ್ನು ಒಮ್ಮೆ ಬೇಕೆಂದೇ ಬಿಟ್ಟು ನೋಡಿ: ಪದ ಸರಿಯಾಗಿ ಮೂಡುತ್ತದೆ, ಆದರೆ ಪ್ರೊಸೆಸರ್ ನಿಲ್ಲಲು ಯಾರೂ ಹೇಳದ ಕಾರಣ ಮುಂದಿನ ಬೈಟ್‌ಗಳನ್ನೂ ಸೂಚನೆಗಳೆಂದು ತಿಳಿದು ಓಡುತ್ತಾ ಸೆಗ್ಮೆಂಟೇಶನ್ ಫಾಲ್ಟ್‌ನಲ್ಲಿ (ತನ್ನದಲ್ಲದ ಮೆಮೊರಿ ಮುಟ್ಟಿದ ದೋಷ) ಬೀಳುತ್ತದೆ. ಸಿ ಯಲ್ಲಿ ಮೇನ್ ಮುಗಿದಾಗ ತಾನೇ ನಿಲ್ಲುತ್ತಿದ್ದದ್ದು ಯಾರ ಕೃಪೆಯಿಂದ ಎಂಬುದು ಆಗ ಹೊಳೆಯುತ್ತದೆ. ಅಸೆಂಬ್ಲಿಯನ್ನು ಇಷ್ಟು ಬರೆದರೆ ಸಾಕು. ಓದಲು ಬರಬೇಕು, ಪುಟಗಟ್ಟಲೆ ಬರೆಯಬೇಕಾಗಿಲ್ಲ.

ಲೈಬ್ರರಿಯ ಬಫರ್ ಬಗ್ಗೆ ಎರಡು ಪ್ರಯೋಗಗಳನ್ನು ತಪ್ಪದೆ ಮಾಡಿ. ಪ್ರಿಂಟ್‌ಎಫ್‌ನಿಂದ ಪದವನ್ನೂ ಹೊಸ ಸಾಲಿನ ಗುರುತನ್ನೂ ಮುದ್ರಿಸಿ, ಮರುಸಾಲಿನಲ್ಲಿ ಫೋರ್ಕ್ (ಓಡುತ್ತಿರುವ ಪ್ರೋಗ್ರಾಮ್‌ನ ನಕಲನ್ನು ಹುಟ್ಟಿಸುವ ಕರೆ) ಮಾಡುವ ಪ್ರೋಗ್ರಾಮ್ ಬರೆಯಿರಿ. ಟರ್ಮಿನಲ್‌ನಲ್ಲಿ ಓಡಿಸಿದರೆ ‘ಕಲಬುರಗಿ’ ಒಮ್ಮೆ ಬರುತ್ತದೆ, ಪೈಪ್ (ಒಂದರ ಔಟ್‌ಪುಟನ್ನು ಇನ್ನೊಂದಕ್ಕೆ ಒಯ್ಯುವ ಕೊಳವೆ) ಮೂಲಕ, ಓದಿದ್ದನ್ನು ಹಾಗೆಯೇ ತೋರಿಸುವ ಕ್ಯಾಟ್ ಆದೇಶಕ್ಕೆ ಹರಿಸಿದರೆ ಎರಡು ಸಲ ಬರುತ್ತದೆ. ಪೈಪ್ ಇದ್ದಾಗ ಲೈಬ್ರರಿ ಸಾಲು ಮುಗಿದ ತಕ್ಷಣ ಕಳಿಸದೆ ಬಫರಿನಲ್ಲೇ ಇಟ್ಟುಕೊಳ್ಳುತ್ತದೆ, ಫೋರ್ಕ್ ಆ ಬಫರನ್ನೂ ನಕಲು ಮಾಡುತ್ತದೆ, ತಾಯಿ ಮಗು ಇಬ್ಬರೂ ಮುಗಿಯುವಾಗ ತಮ್ಮ ತಮ್ಮ ಪ್ರತಿಯನ್ನು ಹೊರಹಾಕುತ್ತಾರೆ. ಎರಡನೆಯದು, ಡೆವ್ ಡೈರೆಕ್ಟರಿಯಲ್ಲಿರುವ ಫುಲ್ ಎಂಬ ವಿಶೇಷ ಫೈಲ್‌ಗೆ ಔಟ್‌ಪುಟ್ ತಿರುಗಿಸುವುದು. ಏನು ಬರೆದರೂ ಡಿಸ್ಕ್ ತುಂಬಿದೆ ಎಂದು ಹೇಳುವುದೇ ಆ ಫೈಲ್‌ನ ಕೆಲಸ. ಪಠ್ಯಪುಸ್ತಕದ ಮಾದರಿಯ ಪ್ರೋಗ್ರಾಮ್ ಅಲ್ಲಿಯೂ ಯಶಸ್ಸಿನ ಗುರುತಾದ 0 ಹಿಂತಿರುಗಿಸಿ ಮುಗಿಯುತ್ತದೆ! ಪ್ರಿಂಟ್‌ಎಫ್ ಕರೆದಾಗ ಬೈಟ್‌ಗಳು ಇನ್ನೂ ಬಫರಿನಲ್ಲೇ ಇದ್ದವು; ಎಡವಟ್ಟಾದದ್ದು ಕೊನೆಯಲ್ಲಿ, ಆಗ ಕೇಳುವವರು ಯಾರೂ ಇರಲಿಲ್ಲ.

ಕರೆಂಟ್ ಹೋದಾಗ

ಈ ಭಾಗವನ್ನು ನಾನು ಕಲಿತದ್ದು ನಷ್ಟದಿಂದ. ಹಲವು ವರ್ಷಗಳ ಹಿಂದೆ ಪರಿಚಯದವರ ತೊಗರಿ ದಾಲ್ ಮಿಲ್‌ಗೆ ತೂಕದ ಲೆಕ್ಕ ಇಡುವ ಸಣ್ಣ ಪ್ರೋಗ್ರಾಮ್ ಒಂದನ್ನು ಬರೆದುಕೊಟ್ಟಿದ್ದೆ. ಪ್ರತಿ ಚೀಲದ ನಮೂದು ಆದಾಗಲೂ ಅದು ಹಳೆಯ ಫೈಲನ್ನು ಬರಿದು ಮಾಡಿ, ಇಡೀ ದಿನದ ಪಟ್ಟಿಯನ್ನು ಹೊಸದಾಗಿ ಬರೆಯುತ್ತಿತ್ತು. ಮೇ ತಿಂಗಳು, ಬಿಸಿಲು 40 ಡಿಗ್ರಿ ದಾಟಿದ ಮಧ್ಯಾಹ್ನ, ಯುಪಿಎಸ್‌ನ ಬ್ಯಾಟರಿ ಸತ್ತಿತ್ತು. ಬರಿದು ಮಾಡುವ ಮತ್ತು ಬರೆಯುವ ನಡುವಿನ ಗಳಿಗೆಯಲ್ಲಿ ಕರೆಂಟ್ ಹೋಯಿತು. ಮರಳಿ ಬಂದಾಗ ಫೈಲ್ ಇತ್ತು, ಅದರ ಗಾತ್ರ 0 ಇತ್ತು. ತೂಕದ ಚೀಟಿಗಳನ್ನು ಹುಡುಕಿ ರಾತ್ರಿಯೆಲ್ಲ ಮತ್ತೆ ಕೈಯಾರೆ ತುಂಬಿಸಿದೆವು. ತಪ್ಪು ಪೂರ್ತಿ ನನ್ನದೇ.

ರೈಟ್ ಯಶಸ್ವಿಯಾಯಿತೆಂದರೆ ಬೈಟ್‌ಗಳು ಕರ್ನಲ್‌ನ ಪೇಜ್ ಕ್ಯಾಶ್‌ಗೆ, ಅಂದರೆ ಮೆಮೊರಿಗೆ, ಸೇರಿದವು ಎಂದಷ್ಟೇ ಅರ್ಥ. ಲಿನಕ್ಸ್‌ನ ಮೂಲ ಹೊಂದಿಕೆಯಂತೆ ಅವು ಸುಮಾರು 30 ಸೆಕೆಂಡುಗಳವರೆಗೂ ಅಲ್ಲೇ ಕೂತಿರಬಹುದು. ಡಿಸ್ಕ್‌ಗೆ ಮುಟ್ಟಿಸಿ ಉತ್ತರ ಕೊಡು ಎನ್ನುವ ಕರೆಯೇ ಬೇರೆ, ಅದರ ಹೆಸರು ಎಫ್‌ಸಿಂಕ್. ಆದ್ದರಿಂದ ಮುಖ್ಯವಾದ ಫೈಲನ್ನು ಬದಲಿಸುವಾಗ ಮೂಲವನ್ನು ಮುಟ್ಟಬೇಡಿ. ಅದೇ ಡೈರೆಕ್ಟರಿಯಲ್ಲಿ ಬೇರೆ ಹೆಸರಿನ ತಾತ್ಕಾಲಿಕ ಫೈಲ್ ತೆರೆದು, ಎಲ್ಲ ಬೈಟ್‌ಗಳೂ ಹೋಗುವವರೆಗೆ ಲೂಪಿನಲ್ಲಿ ಬರೆದು, ಎಫ್‌ಸಿಂಕ್ ಮಾಡಿ, ಮುಚ್ಚಿ, ಆಮೇಲೆ ರಿನೇಮ್ ಕರೆಯಿಂದ ಮೂಲದ ಹೆಸರನ್ನು ಅದಕ್ಕೆ ಕೊಡಿ. ರಿನೇಮ್ ಅಖಂಡವಾಗಿ ನಡೆಯುತ್ತದೆ: ನೋಡುವವರಿಗೆ ಹಳೆಯದು ಪೂರ್ತಿ ಕಾಣುತ್ತದೆ ಅಥವಾ ಹೊಸದು ಪೂರ್ತಿ ಕಾಣುತ್ತದೆ, ಅರೆಬರೆ ಎಂಬುದಿಲ್ಲ. ಕೊನೆಗೆ ಆ ಡೈರೆಕ್ಟರಿಯನ್ನೇ ತೆರೆದು ಅದರ ಮೇಲೂ ಎಫ್‌ಸಿಂಕ್ ಮಾಡಬೇಕು, ಏಕೆಂದರೆ ಹೆಸರು ಬದಲಾದ ಸಂಗತಿ ಇರುವುದು ಡೈರೆಕ್ಟರಿಯಲ್ಲಿ. ಎಫ್‌ಸಿಂಕ್ ನಿಧಾನದ ಕೆಲಸ, ತಿರುಗುವ ಹಾರ್ಡ್ ಡಿಸ್ಕ್‌ನಲ್ಲಂತೂ ಎದ್ದು ಕಾಣುವಷ್ಟು ನಿಧಾನ. ಎಲ್ಲಿ ಬೇಕು ಎಲ್ಲಿ ಬೇಡ ಎಂಬುದು ಲೆಕ್ಕದ ಬೆಲೆಯ ಮೇಲೆ ಹೋಗುತ್ತದೆ.

ಇದನ್ನು ಪರೀಕ್ಷಿಸುವಾಗ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ಪ್ರೋಗ್ರಾಮನ್ನು ಕಿಲ್ ಮಾಡಿ, ಫೈಲ್ ಉಳಿದಿರುವುದನ್ನು ನೋಡಿ ಸಮಾಧಾನ ಪಡುತ್ತಾರೆ. ಪ್ರೋಗ್ರಾಮ್ ಸತ್ತರೂ ಪೇಜ್ ಕ್ಯಾಶ್ ಕರ್ನಲ್‌ನ ಬಳಿ ಸುರಕ್ಷಿತವಾಗಿರುವುದರಿಂದ ಅದು ಪರೀಕ್ಷೆಯೇ ಅಲ್ಲ. ಕ್ಯೂಎಂಯು ಬಳಸಿ ಒಂದು ವರ್ಚುವಲ್ ಯಂತ್ರ ಎಬ್ಬಿಸಿ, ಒಳಗೆ ನಿಮ್ಮ ಪ್ರೋಗ್ರಾಮ್ ಬರೆಯುತ್ತಿರುವಾಗ ಹೊರಗಿನಿಂದ ಕ್ಯೂಎಂಯುವನ್ನೇ ಕೊಂದುಬಿಡಿ. ಕರೆಂಟ್ ಹೋದದ್ದಕ್ಕೆ ಅದು ಹತ್ತಿರದ ಅನುಕರಣೆ.

ಮೆಮೊರಿ, ಪ್ರೋಸೆಸ್

ಮೆಮೊರಿಯ ಪಾಠವನ್ನೂ ಚೀಲದ ದಾಖಲೆಯಿಂದಲೇ ಹಿಡಿಯಬಹುದು. ದರ್ಜೆಗೆ ಒಂದು ಬೈಟ್, ತೂಕಕ್ಕೆ ನಾಲ್ಕು ಬೈಟ್, ಮಾರಾಟವಾಯಿತೇ ಎಂಬ ಗುರುತಿಗೆ ಒಂದು ಬೈಟ್ ಎಂದು ಇದೇ ಕ್ರಮದಲ್ಲಿ ಸ್ಟ್ರಕ್ಟ್ ಬರೆದು ಅದರ ಗಾತ್ರ ಕೇಳಿದರೆ 6 ಬರುವುದಿಲ್ಲ, 12 ಬರುತ್ತದೆ. ನಾಲ್ಕು ಬೈಟ್‌ಗಳ ಸಂಖ್ಯೆ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲೇ ಕೂರಲೆಂದು ಕಂಪೈಲರ್ ನಡುವೆ ಖಾಲಿ ಬಿಡುತ್ತದೆ. ತೂಕವನ್ನು ಮೊದಲಿಗೆ ತಂದರೆ ಅದೇ 8ಕ್ಕೆ ಇಳಿಯುತ್ತದೆ. ಇನ್ನೊಂದು ಪ್ರಯೋಗದಲ್ಲಿ ಮ್ಯಾಲಕ್‌ನಿಂದ 1 ಜಿಬಿ ಬೇಡಿ, ಫ್ರೀ ಆದೇಶದಿಂದ ನೋಡಿ: ಯಂತ್ರದ ಮೆಮೊರಿ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಆ ಜಾಗದಲ್ಲಿ 4096 ಬೈಟ್‌ಗಳಿಗೊಮ್ಮೆ ಒಂದು ಬೈಟ್ ಬರೆಯುತ್ತಾ ಹೋದಾಗ ಮಾತ್ರ ಅದು ಕರಗತೊಡಗುತ್ತದೆ. ಕರ್ನಲ್ ಕೊಟ್ಟದ್ದು ತಲಾ 4096 ಬೈಟ್‌ಗಳ 2,62,144 ಪುಟಗಳ ಭರವಸೆ. ನಿಜವಾದ ಪುಟ ಸಿಗುವುದು ಮುಟ್ಟಿದಾಗ. ಈ ಹಂತದಲ್ಲಿ ಕಂಪೈಲರಿನ ಎಚ್ಚರಿಕೆಗಳನ್ನೆಲ್ಲ ತೆರೆದಿಟ್ಟು, ಅಡ್ರೆಸ್ ಸ್ಯಾನಿಟೈಜರ್ ಸಹಿತವೇ ಕಂಪೈಲ್ ಮಾಡಿ. ಸರಹದ್ದು ಮೀರಿದ ಒಂದು ಬೈಟನ್ನೂ ಅದು ಸಾಲಿನ ಸಂಖ್ಯೆಯೊಡನೆ ಹಿಡಿದುಕೊಡುತ್ತದೆ.

ಪ್ರೋಸೆಸ್‌ಗಳಿಗಾಗಿ, ಅಂದರೆ ಓಡುತ್ತಿರುವ ಪ್ರೋಗ್ರಾಮ್‌ಗಳ ಪಾಠಕ್ಕಾಗಿ, ಒಂದು ಪುಟ್ಟ ಶೆಲ್ (ಟರ್ಮಿನಲ್‌ನಲ್ಲಿ ಆದೇಶಗಳನ್ನು ಓಡಿಸುವ ಪ್ರೋಗ್ರಾಮ್) ಬರೆಯಿರಿ: ಸಾಲು ಓದುವುದು, ಫೋರ್ಕ್, ನಕಲಿನಲ್ಲಿ ಹೊಸ ಪ್ರೋಗ್ರಾಮ್ ತುಂಬುವ ಎಕ್ಸೆಕ್, ಅದು ಮುಗಿಯುವವರೆಗೆ ಕಾಯುವ ವೇಟ್. ಎರಡು ದಿನದಲ್ಲಿ ಅಷ್ಟಾಗುತ್ತದೆ. ಅದಕ್ಕೆ ಪೈಪ್ ಸೇರಿಸಿದಾಗ, ಬಹುತೇಕ ಎಲ್ಲರ ಶೆಲ್ಲೂ ಮೊದಲ ಸಲ ಏನೂ ಹೇಳದೆ ನಿಂತುಬಿಡುತ್ತದೆ. ಬರೆಯುವ ತುದಿಯ ಎಲ್ಲ ಪ್ರತಿಗಳೂ ಮುಚ್ಚಿದಾಗ ಮಾತ್ರ ಓದುವವನಿಗೆ ಮುಗಿಯಿತೆಂದು ತಿಳಿಯುತ್ತದೆ. ನಿಮ್ಮ ಶೆಲ್ ತನ್ನಲ್ಲೊಂದು ಪ್ರತಿಯನ್ನು ಮುಚ್ಚಲು ಮರೆತಿರುತ್ತದೆ. ಉತ್ತರ ಹುಡುಕಲು ಹೊರಡುವ ಮೊದಲು, ನಿಂತ ಪ್ರೋಸೆಸ್‌ಗೆ ಎಸ್‌ಟ್ರೇಸ್ ಅಂಟಿಸಿ ಅದು ಯಾವ ಡಿಸ್ಕ್ರಿಪ್ಟರಿನ ಮೇಲೆ ಕಾಯುತ್ತಿದೆ ಎಂದು ನೀವೇ ನೋಡಿ.

ವಿಂಡೋಸ್‌ನ ಮೇಲೇ ಕೆಲಸ ಮಾಡಬೇಕಾದವರಿಗೆ ಒಂದು ಮಾತು. ಅಲ್ಲಿ ರೈಟ್‌ನ ಜಾಗದಲ್ಲಿ ರೈಟ್‌ಫೈಲ್, ಎಫ್‌ಸಿಂಕ್‌ನ ಜಾಗದಲ್ಲಿ ಫ್ಲಶ್‌ಫೈಲ್‌ಬಫರ್ಸ್ ಇವೆ, ತತ್ವ ಒಂದೇ. ಆದರೆ ಲಿನಕ್ಸ್‌ನಲ್ಲಿ ಸಿಸ್ಟಮ್ ಕಾಲ್ ಸಂಖ್ಯೆಗಳು ಬದಲಾಗುವುದಿಲ್ಲ, ವಿಂಡೋಸ್‌ನಲ್ಲಿ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಹಾಗಾಗಿ ಅಲ್ಲಿ ಸಂಖ್ಯೆ ಹಿಡಿದು ನೇರವಾಗಿ ಕರೆಯದೆ, ವ್ಯವಸ್ಥೆ ಕೊಟ್ಟ ಡಿಎಲ್‌ಎಲ್‌ಗಳ (ಲೈಬ್ರರಿ ಫೈಲ್‌ಗಳ) ಮೂಲಕವೇ ಹೋಗಬೇಕು.

ಗೆರೆಯ ಆಚೆಗೆ

ಇಷ್ಟಾದ ಮೇಲೆ, ನನ್ನ ಅಂದಾಜಿನಲ್ಲಿ ಒಂದು ಸೆಮಿಸ್ಟರ್ ಕಳೆದ ಮೇಲೆ, ಕರ್ನಲ್‌ನ ಮೂಲವನ್ನು ಇಳಿಸಿಕೊಳ್ಳಿ. ಗಿಟ್‌ನ ಇಡೀ ಇತಿಹಾಸ ಹಲವು ಜಿಬಿ ಆಗುತ್ತದೆ. ಒಂದು ಆವೃತ್ತಿಯ ಸಂಕುಚಿತ ಫೈಲ್ ಸುಮಾರು 130ರಿಂದ 150 ಎಂಬಿ, ಮೊಬೈಲ್ ಡೇಟಾದಲ್ಲೂ ಆಗುವಂಥದು. ಮೊದಲಿನಿಂದ ಕೊನೆಯವರೆಗೆ ಓದಲು ಹೋಗಬೇಡಿ. ಎಫ್‌ಎಸ್ ಡೈರೆಕ್ಟರಿಯೊಳಗಿನ ರೀಡ್‌-ರೈಟ್ ಫೈಲ್ ತೆರೆದರೆ, ನೀವು ಅಸೆಂಬ್ಲಿಯಿಂದ ಕರೆದ ಅದೇ ರೈಟ್ ಅಲ್ಲಿ ಬಂದು ತಲುಪುವುದನ್ನು ಕಾಣುತ್ತೀರಿ. ಪೂರ್ತಿ ಕರ್ನಲ್ ಕಂಪೈಲ್ ಮಾಡುವ ಆಸೆಯಿದ್ದರೆ ನಿಮ್ಮ ಯಂತ್ರ ಬಳಸುತ್ತಿರುವ ಮಾಡ್ಯೂಲ್‌ಗಳನ್ನಷ್ಟೇ ಆರಿಸುವ ಲೋಕಲ್‌ಮಾಡ್‌ಕಾನ್ಫಿಗ್ ಬಳಸಿ. ಬೇಸಿಗೆಯಲ್ಲಾದರೆ ಅದನ್ನು ರಾತ್ರಿ ಇಟ್ಟು ಮಲಗಿ. ನಮ್ಮ ಕಡೆಯ ಮಧ್ಯಾಹ್ನದ ಸೆಕೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಬಿಸಿಯಾಗಿ ವೇಗ ತಗ್ಗಿಸಿಕೊಂಡು ಎರಡು ಪಟ್ಟು ಸಮಯ ತಿಂದದ್ದನ್ನು ಕಂಡಿದ್ದೇನೆ.

ಕೊನೆಯ ಅಭ್ಯಾಸ ಒಂದು ಮಾಡ್ಯೂಲ್, ಅಂದರೆ ಓಡುತ್ತಿರುವ ಕರ್ನಲ್‌ಗೆ ಸೇರಿಸಬಹುದಾದ ತುಣುಕು. ಇದನ್ನು ಕ್ಯೂಎಂಯು ಒಳಗೇ ಮಾಡಿ, ಏಕೆಂದರೆ ಇಲ್ಲಿ ತಪ್ಪಾದರೆ ಬೀಳುವುದು ಪ್ರೋಗ್ರಾಮ್ ಅಲ್ಲ, ಯಂತ್ರ. ಒಳಗೆ ಪ್ರಿಂಟ್‌ಎಫ್ ಇಲ್ಲ, ಪ್ರಿಂಟ್‌ಕೆ ಇದೆ, ಅದರ ಮಾತು ಕೇಳಲು ಡಿಮೆಸೇಜ್ (dmesg) ಆದೇಶ ಬೇಕು. ಸಾಮಾನ್ಯ ಪ್ರೋಗ್ರಾಮ್‌ಗೆ ಸಿಗುತ್ತಿದ್ದ 8 ಎಂಬಿ ಸ್ಟ್ಯಾಕ್‌ನ ಬದಲು ಇಲ್ಲಿ 16 ಕೆಬಿ, ಆದ್ದರಿಂದ ದೊಡ್ಡ ಬಫರನ್ನು ಸ್ಥಳೀಯ ವೇರಿಯಬಲ್ ಆಗಿ ಇಡುವಂತಿಲ್ಲ. ಬಳಕೆದಾರರ ಪ್ರೋಗ್ರಾಮ್ ಕೊಟ್ಟ ಪಾಯಿಂಟರನ್ನು ನಂಬಿ ನೇರವಾಗಿ ಬರೆಯಬಾರದು, ಅದಕ್ಕೆಂದೇ ಇರುವ ಕಾಪಿ ಟು ಯೂಸರ್ ಫಂಕ್ಷನ್ ಮೂಲಕ ಬರೆಯಬೇಕು. ಒಂದು ಕ್ಯಾರೆಕ್ಟರ್ ಡಿವೈಸ್ (ಫೈಲ್‌ನಂತೆ ಓದಬಹುದಾದ ಸಾಧನ) ನೋಂದಾಯಿಸಿ, ಅದರ ರೀಡ್ ಫಂಕ್ಷನ್‌ನಲ್ಲಿ ನಮ್ಮ 22 ಬೈಟ್‌ಗಳನ್ನು ನಕಲಿಸಿ 22 ಎಂದು ಹಿಂತಿರುಗಿಸಿ. ಮಾಡ್ಯೂಲನ್ನು ಇನ್ಸ್‌ಮಾಡ್‌ನಿಂದ ಸೇರಿಸಿ ಆ ಡಿವೈಸನ್ನು ಕ್ಯಾಟ್‌ನಿಂದ ಓದಿದರೆ ‘ಕಲಬುರಗಿ’ ಎಂದು ಬರುತ್ತದೆ, ಮತ್ತೆ ಬರುತ್ತದೆ, ಕಂಟ್ರೋಲ್-ಸಿ ಒತ್ತುವವರೆಗೂ ಪರದೆ ತುಂಬ ಬರುತ್ತಲೇ ಇರುತ್ತದೆ. ರೀಡ್ 0 ಕೊಟ್ಟಾಗ ಮಾತ್ರ ಫೈಲ್ ಮುಗಿಯಿತೆಂದು ಕ್ಯಾಟ್ ತಿಳಿಯುತ್ತದೆ, ನೀವು 0 ಕೊಟ್ಟೇ ಇಲ್ಲ. ಎಲ್ಲಿಯವರೆಗೆ ಓದಾಯಿತೆಂಬ ಆಫ್‌ಸೆಟನ್ನು ಪ್ರತಿ ಓದಿನಲ್ಲೂ ಪರಿಶೀಲಿಸಿ, ಕೊಟ್ಟಷ್ಟು ಮುಂದೆ ಸರಿಸಿ, 22 ಮುಟ್ಟಿದ ಮೇಲೆ 0 ಕೊಡುವ ಸಾಲು ಸೇರಿಸಿ, ಆರ್‌ಎಂಮಾಡ್‌ನಿಂದ ಹಳೆಯದನ್ನು ತೆಗೆದು ಹೊಸದನ್ನು ಹಾಕಿ. ಈಗ ಪದ ಒಂದೇ ಸಲ ಬಂದು ಪ್ರಾಂಪ್ಟ್ ಮರಳುತ್ತದೆ. ಅಷ್ಟಕ್ಕೇ ಬಿಡದೆ, ಹೆಡ್ ಆದೇಶದಿಂದ ನಾಲ್ಕೇ ಬೈಟ್ ಬೇಡಿ ಔಟ್‌ಪುಟ್‌ನಲ್ಲಿ ‘ಕ’ ಮತ್ತು ಅದರ ಪಕ್ಕ ‘ಲ’ದ ಮುರಿದ ಮೊದಲ ಬೈಟ್ ಬರುತ್ತದೆಯೇ ನೋಡಿ, ಇಡೀ ಪದವೇ ಬಂದರೆ ಅಥವಾ ದೋಷದ ಸಂದೇಶ ಬಂದರೆ, ಕೇಳಿದಷ್ಟೇ ಕೊಡಬೇಕೆಂಬ ಪರಿಶೀಲನೆಯನ್ನು ನಿಮ್ಮ ರೀಡ್ ಫಂಕ್ಷನ್ ಇನ್ನೂ ಮಾಡುತ್ತಿಲ್ಲ.